ಏಳಬೇಡಿ ಎಂದವರು ಯಾರು?

ಬೆಳಗ್ಗೆ ಹತ್ತು ಗಂಟೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಒಬ್ಬ ತಾಯಿಯ ತೊಡೆಯ ಮೂಳೆ ಮುರಿಯಿತು. ಬಿದ್ದಿರಲಿಲ್ಲ, ಜಾರಿರಲಿಲ್ಲ, ಯಾರೂ ನೂಕಿರಲಿಲ್ಲ. ಮಲಗಿದ್ದಲ್ಲೇ ಮುರಿಯಿತು.

ಯಾರ ತಾಯಿ? ಒಂದೂರಿನ ದೊಡ್ಡ ಶ್ರೀಮಂತನ ತಾಯಿ. ಔಷಧಕ್ಕೆ ಕೊರತೆಯಿತ್ತೇ? ಇರಲಿಲ್ಲ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಆಗಿತ್ತು. ಕ್ಯಾಲ್ಸಿಯಂ ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ. ಮತ್ತೆ ಮುರಿದದ್ದೇಕೆ?

ನೋಡಿ, ಕೆಲವು ತಿಂಗಳ ಹಿಂದೆ ಆಕೆಯ ಪಾದದ ಕೀಲು ಮುರಿದು ಪ್ಲಾಸ್ಟರ್ ಹಾಕಿದ್ದರು. ಅದನ್ನು ಬಿಚ್ಚಿದ ದಿನ ಡಾಕ್ಟರು ಹೇಳಿದ್ದು ಒಂದೇ ಮಾತು: "ಇನ್ನ ನಡಸ್ರಿ." ಮಗ ತಲೆಯಾಡಿಸಿದ. ಮನೆಗೆ ಬಂದರೆ ಪಡಸಾಲೆ ತುಂಬ ಮಾತಾಡಿಸಲು ಬಂದವರು. ತಾಯಿ ಏಳಲು ಹೋದಾಗ ಆಕೆಯ ನಾದಿನಿ ಭುಜ ಒತ್ತಿ ಮಲಗಿಸಿದಳು.

"ಮಲಕ್ಕೊಳ್ರಿ ವೈನಿ. ಇಂಥಾ ಮಗ ಇರೂಮುಂದ ನಿಮಗ್ಯಾಕ ಬೇಕು ಕಾಲು?"

ಎಲ್ಲರೂ ನಕ್ಕರು. ಮಗನಿಗೂ ಹಿತವಾಯಿತು. ಹಿತದ ಹಿಂದೆಯೇ ಅಂಜಿಕೆಯೂ ಬಂತು. ನಾಳೆ ಅವ್ವ ಗೋಡೆ ಹಿಡಿದು ನಡೆಯುವುದನ್ನು ಇವರು ಕಂಡರೆ? ಇಷ್ಟು ದೊಡ್ಡ ಮನೆಯಲ್ಲಿ ಮುದುಕಿಯನ್ನು ನೋಡುವವರಿಲ್ಲ ಎಂದರೆ? ಅಂದಿನಿಂದ ಹಾಸಿಗೆಯಲ್ಲೇ ಊಟ, ಹಾಸಿಗೆಯಲ್ಲೇ ಸ್ನಾನ, ಹಾಸಿಗೆಯಲ್ಲೇ ಎಲ್ಲ.

"ಬಚ್ಚಲಕ್ಕರ ನಾನ ಹೋಗ್ತೀನೋ ತಮ್ಮಾ," ಎಂದಳು ತಾಯಿ. "ಸೊಸಿ ಕೈಲೆ ಮಾಡಿಸ್ಕೊಳ್ಳಾಕ ನಾಚಿಕಿ ಬರ್ತೈತಿ. ಈ ಕಾಲು ನನ್ನವೋ, ಮಾತಾಡ್ಸಾಕ ಬಂದವರವೋ?"

"ದೊಡ್ಡ ಇಂಜೆಕ್ಷನ್ ಮಾಡಿಸೀನಿ ಬೇ. ಎಲುಬಿನ ಕಾಳಜಿ ಅದು ಮಾಡತೈತಿ. ನೀ ಸುಮ್ನ ಮಲಕ್ಕೊ."

ಮಾಡಿತೇ? ಮೂಳೆ ಮುರಿದ ಮೇಲೆ ಆಸ್ಪತ್ರೆಯಲ್ಲಿ ಮಗ ಅದೇ ಡಾಕ್ಟರನ್ನು ಕೇಳಿದ: "ಸಾಹೇಬ್ರ, ಔಷಧ ಖೊಟ್ಟಿ ಇತ್ತೇನ್ರಿ?"

"ಔಷಧ ಖರೇನ ಐತಿ. ಅದು ಸವೆತ ಕಡಿಮಿ ಮಾಡತೈತಿ, ಅಷ್ಟ. ಎಲುಬಿನ ಮ್ಯಾಲ ಮೈಭಾರ ಬೀಳಬೇಕ್ರಿ. ತಿಂಗಳುಗಟ್ಟಲೆ ಭಾರ ಬೀಳಲಿಲ್ಲಂದ್ರ ಔಷಧ ಇದ್ದರೂ ಸವೀತೈತಿ. ನಡಸ್ರಿ ಅಂದಿದ್ನಲ್ಲ, ನಡಸಿದ್ರೇನು?"



ನೀವು ಈಗ ಆ ಮಗನನ್ನು ಬೈಯುತ್ತಿದ್ದೀರಿ. ಬೈಯಿರಿ. ಆದರೆ ಪಡಸಾಲೆಯಲ್ಲಿ ಕೂತಿದ್ದವರು ಯಾರು? ಭುಜ ಒತ್ತಿದ ಕೈ ಯಾರದು? ಬಾಳೆಹಣ್ಣು ಹಿಡಿದುಕೊಂಡು ಹೋಗಿ, ಎದ್ದು ಕೂರಲು ಹೊರಟವರಿಗೆ "ಏಳಬೇಡಿ, ಏಳಬೇಡಿ" ಎಂದು ನಾವು ಎಷ್ಟು ಮನೆಗಳಲ್ಲಿ ಹೇಳಿಲ್ಲ? ನಮ್ಮ ಹೊಗಳಿಕೆಗೆ ಆಸೆಪಟ್ಟು ಆತ ತಾಯಿಯನ್ನು ಮಲಗಿಸಿದ. ನಮ್ಮ ನಾಲಿಗೆಗೆ ಅಂಜಿ ಆತ ತಾಯಿಯನ್ನು ಮಲಗಿಸಿದ.

ಇನ್ನು ಮೇಲೆ ಕಾಯಿಲೆಯವರ ಮನೆಗೆ ಹೋದಾಗ ಮೊದಲು ಕೇಳಿ: ನಡೆಯಬಹುದು ಎಂದಿದ್ದಾರೆಯೇ ಡಾಕ್ಟರು? ಬೇಡ ಎಂದಿದ್ದರೆ ಬೇಡ, ಅಲ್ಲಿ ನಮ್ಮ ಜಾಣತನ ಬೇಕಿಲ್ಲ. ಹೌದು ಎಂದಿದ್ದರೆ ಹಣ್ಣು ಕೆಳಗಿಟ್ಟು ತೋಳು ಕೊಡಿ. ಮನೆಯಲ್ಲಿ ಹಿರಿಯರು ಒಂದು ಲೋಟ ನೀರಿಗೆ ತಾವೇ ಎದ್ದರೆ ಓಡಿಹೋಗಿ ಕಸಿದುಕೊಳ್ಳಬೇಡಿ. ಜೊತೆಗೆ ನಡೆಯಿರಿ. ಔಷಧವನ್ನೂ ಬಿಡಿಸಬೇಡಿ, ನಡಿಗೆಯನ್ನೂ ಬಿಡಿಸಬೇಡಿ.

ಆ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಈಗ ಮಗನ ತೋಳು ಹಿಡಿದು ಬಚ್ಚಲ ಬಾಗಿಲವರೆಗೆ ನಡೆಯುತ್ತಾಳೆ. ಒಬ್ಬಳೇ ಹೋಗಲು ಇನ್ನೂ ಆಗಿಲ್ಲ.