ಒಂದು ಕೀ, ಒಂದೇ ಅಂಗಡಿ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಭಾವ, ಭಾಮೈದ ಕೂತಿದ್ದರು. ಟೈಲರುಗಳ ಅಳತೆ ಇಡುವ ಪುಟ್ಟ ಪ್ರೋಗ್ರಾಂ ಬರೆದವನು ಭಾವ, ಮಾರುವವನು ಭಾಮೈದ. ಗೋಡೆಯಾಚೆ ಇರುವೆ ಕೆಮ್ಮಿದರೂ ಕೇಳುವ, ಪಕ್ಕದಲ್ಲೇ ಸರದಿಗೆ ಕಾದಿದ್ದ ನನ್ನ ಕಿವಿಗೆ ಅವರ ಪಿಸುಮಾತು ಡೋಲು ಬಡಿದಂತಿತ್ತು.

"ಪ್ರೋಗ್ರಾಂ ಈಗ ಕೀ ಕೇಳತ್ತಂತೆ, ಭಾವ?"

"ಹೂಂ, ಗುಟ್ಟಿನ ನಂಬರು. ಒಂದು ಕೀಗೆ ಒಂದೇ ಕಂಪ್ಯೂಟರ್."

"ಮನೆಯವರ ಮೇಲೇ ಅನುಮಾನಾನಾ?"

"ಛೆ! ಕದ್ದು ಕಾಪಿ ಮಾಡಿ ಮಾರ್ತಾರಲ್ಲ, ಅವರನ್ನ ತಡೆಯೋಕೆ. ನೀನು ಮಾರಿದ್ದು ಒಂದೇ ಅಂಗಡಿಗೆ ತಾನೆ?"

"ಅಕ್ಕನಾಣೆ, ಒಂದೇ!"

"ಹಾಗಾದ್ರೆ ನಿನಗೇನು ಭಯ? ಅದೇ ಕೀ ಇನ್ನೊಂದು ಕಡೆ ಹಾಕಿದ್ರೆ ಅಲ್ಲಿರೋ ಅಳತೆಯೆಲ್ಲ ಅಳಿಸಿಹೋಗತ್ತೆ, ಅಷ್ಟೆ."

"ಅಯ್ಯಯ್ಯೋ! ಆರು ಅಂಗಡಿಯವರೂ ಸೇರಿ ನನ್ನ ಚರ್ಮ ಸುಲೀತಾರೆ, ಭಾವ!"

ಭಾವ ಊದಿದ ಕೆನ್ನೆ ಹಿಡಿದುಕೊಂಡೇ ಎದ್ದ.

"ಏನೂ ಅಳಿಸಲ್ಲ, ಸುಮ್ಮನೆ ಹೇಳ್ದೆ. ನಡಿ, ಆರೂ ಅಂಗಡಿ ತೋರಿಸು."

ಒಳಗಿನಿಂದ ನರ್ಸ್ ಭಾವನನ್ನು ಕೂಗಿದಾಗ ಇಬ್ಬರೂ ರಸ್ತೆ ದಾಟಿಯಾಗಿತ್ತು.