ಎರಡನೇ ಸಲದ ಗಂಟೆ

ಮತ್ತೆ ಮಧ್ಯೆ ಬಾಯಿ ಹಾಕಿದಿರಾ? ಈ ಮನೆಯಲ್ಲಿ ಒಂದು ಕತೆ ನೆಟ್ಟಗೆ ಮುಗಿಸಲು ಬಿಡುವುದಿಲ್ಲ. ಒಬ್ಬರಿಗೆ ನೀರು, ಒಬ್ಬರಿಗೆ ಉಚ್ಚೆ... ಈಗ ಸುಮ್ಮನೆ ಮಲಗಿ ಕೇಳಿ, ಮಕ್ಕಳೇ. ಇದು ಕಟ್ಟಿದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗಳು ಪೆರಿನ್‌ಗೆ ಆದದ್ದು, ನಮ್ಮೂರಲ್ಲೇ.

ನಮ್ಮ ಇಗರ್ಜಿಯ ಗೋಪುರದ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ ಹೊಡೆಯುತ್ತದಲ್ಲ? ಒಮ್ಮೆ ಹೊಡೆದು, ಸ್ವಲ್ಪ ತಡೆದು, ಮತ್ತೆ ಅಷ್ಟೇ. ದ್ರಾಕ್ಷಿ ತೋಟದಲ್ಲಿ ಬಗ್ಗಿ ದುಡಿಯುವವರು ಮೊದಲ ಸಲ ಎಣಿಕೆ ತಪ್ಪಿದರೆ ಎರಡನೇ ಸಲ ಎಣಿಸಿಕೊಳ್ಳಲಿ ಅಂತ. ಆದರೆ ಬೇಸಿಗೆಯಲ್ಲಿ ಊರು ನೋಡಲು ಬರುವವರಿಗೆ ಕಲ್ಲಿನ ಮನೆ ಬೇಕು, ಗೋಡೆಯ ಗುಲಾಬಿ ಬೇಕು, ಗಂಟೆ ಮಾತ್ರ ಬೇಡ. ಪೆರಿನ್ ಮಹಡಿಯ ಕೋಣೆಯನ್ನು ಅಂಥವರಿಗೇ ಬಾಡಿಗೆಗೆ ಕೊಡುತ್ತಿದ್ದಳು. ಮೇಯರನ ತಲೆ ತಿಂದು, ಎರಡನೇ ಸಲದ್ದನ್ನು ನಿಲ್ಲಿಸಿಬಿಟ್ಟಳು.

ಗಡಿಯಾರಕ್ಕೆ ಎಣ್ಣೆ ಹಾಕುವ ಆನ್ಸೆಲ್ಮ್ ಅಜ್ಜ ಗೊಣಗಿದ. "ಮೊದಲನೇದು ನಮಗೆ. ಎರಡನೇದು ಯಾರಿಗೆ ಅಂತ ಕೇಳಿದ್ಯಾ?"

"ನಿನ್ನ ಕಿವುಡು ಕಿವಿಗಾ ಅಜ್ಜಾ?"

"ನಗು, ನಗು. ಕೇಳಿಸದೆ ಹೋದವರಿಗೆ ಕಣೇ."

ಆ ರಾತ್ರಿ ಅವಳು ಅಕ್ಕನ ಮನೆಯಿಂದ ವಾಪಸ್ಸು ಬರುತ್ತಿದ್ದಳು. ಬಾವಿಯ ಹತ್ತಿರ ಬಂದಾಗ ಹತ್ತು ಹೊಡೆಯಿತು. ಆಮೇಲೆ... ಏನೂ ಇಲ್ಲ. ಬಾವಿಯ ಹಿಂದಿನಿಂದ ಯಾರೋ ಮೆಟ್ಟಿದ ಮರದ ಜೋಡಿನ ಸದ್ದು. ಟೊಕ್... ಟೊಕ್...

"ಗಂಟೆ ಎಷ್ಟಾಯ್ತಮ್ಮಾ?" ಪಿಸುದನಿ. ಹೆಂಗಸಿನದು.

"ಹತ್ತು," ಅಂದವಳೇ ಪೆರಿನ್ ಬಿರಬಿರನೆ ನಡೆದಳು. ಕೈಯಲ್ಲಿ ಫೋನ್ ಇರುವ ಕಾಲದಲ್ಲಿ ಗಂಟೆ ಕೇಳುವವರು ಯಾರು? ಮಹಡಿಯಲ್ಲಿ ಇಳಿದುಕೊಂಡಿದ್ದ ಪ್ಯಾರಿಸ್ಸಿನ ಮದಾಂ ಬ್ಲಾಂಶಾರ್ ಮೇಲೆ ಅವಳಿಗೆ ಅನುಮಾನ ಬಂತು. ಮನೆಗೆ ಬಂದರೆ ಮದಾಂ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಕೂತು ಚೀಸ್ ಕೊಯ್ಯುತ್ತಿದ್ದಳು.

"ಹೊರಗೆ ಹೋಗಿದ್ರಾ?"

"ಇಲ್ವಲ್ಲ."

ಸುಳ್ಳಿ, ಅಂದುಕೊಂಡಳು ಪೆರಿನ್.

ಮಾರನೇ ರಾತ್ರಿ ಗಂಟೆ ಹೊಡೆದದ್ದೇ, ಕೆಳಗಿನ ಕೋಣೆಯಲ್ಲಿ ಮಲಗಿದ್ದ ಮಗಳು ಕಪುಸಿನ್ ಎದ್ದು ಕೂತು ಕಿಟಕಿಯ ಕಡೆ ಮುಖ ಮಾಡಿ ಎಣಿಸತೊಡಗಿದಳು.

"ಯಾರಿಗೇ ಹೇಳ್ತಿದೀಯಾ?"

"ಹೊರಗಿನ ಅಜ್ಜಿಗೆ. ಪಾಪ, ಅವಳಿಗೆ ಕೇಳಿಸಲ್ವಂತೆ."

ಪೆರಿನ್ ಮೆಟ್ಟಿಲು ಹತ್ತಿ ಮದಾಂ ಬಾಗಿಲು ಬಡಿದಳು. "ನನ್ನ ಮಗೂನ ಯಾಕ್ರೀ ಎಬ್ಬಿಸ್ತೀರಾ? ನಾಟಕ ಆಡೋಕೆ ನನ್ನ ಮನೇನೇ ಬೇಕಿತ್ತಾ?"

ಮದಾಂ ಬಾಗಿಲು ತೆರೆದಳು. "ನಾನಾ? ನಿನ್ನೆಯಿಂದ ಕಿಟಕಿ ಕೆಳಗೆ ಗಂಟೆ ಎಷ್ಟು, ಗಂಟೆ ಎಷ್ಟು ಅಂತ ಕೇಳಿಸ್ತಾನೇ ಇದೆ. ನೀವೇ ಮಗೂಗೆ ಎಣಿಸೋದು ಕಲಿಸ್ತಿದೀರಿ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಕೆಳಗೆ ಕಿಟಕಿಯ ಮರದ ಬಾಗಿಲು... ಕಿರ್‍ರ್...

ಪೆರಿನ್ ಕೆಳಗೆ ಓಡಿ ಬಂದಳು. ಒಳಗಿನಿಂದ ಹಾಕಿದ್ದ ಚಿಲಕ ತೆರೆದಿತ್ತು. ಕಪುಸಿನ್ ಕಿಟಕಿಯ ಕಟ್ಟೆಯ ಮೇಲೆ ನಿಂತು ಕತ್ತಲಿಗೆ ಕೈ ಚಾಚಿದ್ದಳು. "ಅಮ್ಮಾ, ಅಜ್ಜಿ ತನ್ನ ಜೊತೇಲೇ ಇದ್ದು ಎಣಿಸು ಅಂತಾಳೆ. ದಿನಾ."

ಪೆರಿನ್ ಮಗಳನ್ನು ಬಾಚಿ ತಬ್ಬಿಕೊಂಡಳು. ಮಗುವಿನ ಬೆರಳುಗಳು ಬಾವಿ ನೀರಿನಷ್ಟು ತಣ್ಣಗೆ. ಮಗುವನ್ನು ಕಂಕುಳಲ್ಲಿ ಇರುಕಿಕೊಂಡು, ರಾತ್ರಿ ಉಡುಪಿನಲ್ಲೇ ಆನ್ಸೆಲ್ಮ್ ಅಜ್ಜನ ಮನೆಗೆ ಓಡಿದಳು. ಹಿಂದೆ ಟೊಕ್... ಟೊಕ್...

"ಅಜ್ಜಾ, ನಂದು ತಪ್ಪಾಯ್ತು. ಹೊಡೆಸು. ಈಗಲೇ ಹೊಡೆಸು."

"ಈಗ ಕೇಳಿಸ್ತಾ ನಿಂಗೆ?" ಅಂದ ಅಜ್ಜ. ಕೋಲೂರಿಕೊಂಡು ಗೋಪುರ ಹತ್ತಿದ. ಗಂಟೆ ಹೊಡೆಯಿತು. ತಡೆಯಿತು. ಮತ್ತೆ ಹೊಡೆಯಿತು... ಢಣ್... ಮರದ ಜೋಡಿನ ಸದ್ದು ಅಲ್ಲಿಗೇ ನಿಂತಿತು.

ನಗಬೇಡಿ. ಮದಾಂ ಬೆಳಗಾಗುವ ಮುಂಚೆಯೇ ಪೆಟ್ಟಿಗೆ ಎತ್ತಿಕೊಂಡು ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಎರಡನೇ ಸಲದ ಗಂಟೆಯನ್ನು ಯಾರೂ ಮುಟ್ಟಿಲ್ಲ.

ಆವತ್ತು ಮನೆಗೆ ಬಂದು ಹೊದಿಕೆ ಹೊದಿಸುವಾಗ ಕಪುಸಿನ್ ಆಕಳಿಸಿದಳಂತೆ.

"ಅಮ್ಮಾ, ಮೊದಲನೇ ಸಲದ್ದು ನಮಗೆ. ಎರಡನೇದು ಅಜ್ಜಿಗೆ."

"ಹೂಂ ಪುಟ್ಟಾ. ಮಲಗು."

"ಮತ್ತೆ ಮೂರನೇ ಸಲ ಹೊಡೀತಲ್ಲಾ... ಅದು ಯಾರಿಗೆ?"