ಕೆರೆ ಕಡೆಯ ಗೇಟಿನ ಪರವಾಗಿ ವಂದನಾರ್ಪಣೆ

ವೇದಿಕೆಯ ನಡುಗುರ್ಚಿಯಲ್ಲಿರುವ, ಬಳಗಕ್ಕೂ ನಿವಾಸಿಗಳ ಸಂಘಕ್ಕೂ ಅಧ್ಯಕ್ಷರಾದ ತಿಪ್ಪೇಸ್ವಾಮಿಯವರೇ, ಸಿಕಂದರಾಬಾದಿನಿಂದ ಮೆಟ್ರೊ ಬದಲಿಸಿ ಬಂದು ಈಗ ಕಣ್ಣು ಮುಚ್ಚಿ ಆಲೋಚಿಸುತ್ತಿರುವ ಮುಖ್ಯ ಅತಿಥಿ ಹಂಪಯ್ಯನವರೇ, ಜಲತರಂಗ ಸಿಟಿ ಕನ್ನಡ ಬಳಗದ ಹಿರಿಯರೇ, ಊಟದ ಕೋಣೆಯ ಕಡೆಗೆ ಆಗಲೇ ಕುರ್ಚಿ ತಿರುಗಿಸಿಕೊಂಡಿರುವ ಸಭಿಕರೇ,

ನಾನು ನೇತ್ರಾ, ಸಿ ಬ್ಲಾಕಿನ ಗುಣವತಿಯವರ ಮಗಳು. ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವುದು ವಂದನಾರ್ಪಣೆ. "ಎರಡೇ ನಿಮಿಷ. ಹೆಸರು ಓದು, ಇಳಿ" ಎಂದು ಅಮ್ಮ ಹೇಳಿ ಕಳಿಸಿದ್ದಾರೆ. ಆದರೆ ನಾಳೆ ಬೆಳಿಗ್ಗೆ ನಮ್ಮ ಕೆರೆ ಕಡೆಯ ಗೇಟು ಕಿತ್ತು ಅಲ್ಲಿ ಗೋಡೆ ಕಟ್ಟಲಿದ್ದಾರೆ. ಇಟ್ಟಿಗೆ ಬಂದು ಬಿದ್ದಿದೆ. ಹೀಗಿರುವಾಗ ಬರೀ ಹೆಸರು ಓದಿ ಇಳಿಯುವುದು ಹೇಗೆ?

ಸಭಿಕರೇ, ಕೆರೆ ದಂಡೆಯ ಪುಟ್ಟ ನಗರ ತನ್ನ ನಿವಾಸಿಗಳಿಗೆ ಏನು ಕೊಡುತ್ತದೆ? ಈ ಪ್ರಶ್ನೆ ನನ್ನದಲ್ಲ. ನಮ್ಮ ಬಿಲ್ಡರ್ ಹಂಚಿದ ಹೊಳೆಯುವ ಕರಪತ್ರದ ಮೊದಲ ಸಾಲು ಅದು. ನಾನು ಕರಪತ್ರಗಳನ್ನು ಗಂಭೀರವಾಗಿ ಓದುವವಳು. ಮಿಯಾಪುರ ಮೆಟ್ರೊ ಮೆಟ್ಟಿಲ ಕೆಳಗೆ ಯಾರು ಏನು ಕೊಟ್ಟರೂ ಇಸಿದುಕೊಂಡು ಕೊನೆಯವರೆಗೆ ಓದುತ್ತೇನೆ. ನೀರಿನ ಹಕ್ಕು, ಪಾದಚಾರಿಗಳ ಹಕ್ಕು, ಶಸ್ತ್ರಚಿಕಿತ್ಸೆಯಿಲ್ಲದೆ ಮೂಲವ್ಯಾಧಿಗೆ ಪರಿಹಾರ. ನನ್ನ ತಿಳಿವಳಿಕೆಯೆಲ್ಲ ಅಲ್ಲಿಂದಲೇ ಬಂದದ್ದು.

ಬಿಲ್ಡರ್ ಮಾತು ಕೊಟ್ಟದ್ದು ತಂಗಾಳಿ, ಬೆಳ್ಳಕ್ಕಿ, ಕೆರೆಯ ನೋಟ. ಬೆಳ್ಳಕ್ಕಿ ಬಂದವು. ತಂಗಾಳಿಯೂ ಬಂತು, ಜೊತೆಗೆ ಸೊಳ್ಳೆ ಬಂದದ್ದರಿಂದ ಕಿಟಕಿ ಮುಚ್ಚಿದೆವು. ಕೆರೆಯ ನೋಟ ಡಿ ಬ್ಲಾಕ್ ಏಳುವವರೆಗೆ ಇತ್ತು. ಈಗ ನಮ್ಮ ಬಾಲ್ಕನಿಯಿಂದ ಡಿ ಬ್ಲಾಕಿನವರ ಒಗೆದ ಬಟ್ಟೆ ಕಾಣುತ್ತದೆ. ಹಾಗಾದರೆ ಕೆರೆ ನಮಗೆ ಕೊಟ್ಟದ್ದೇನು? ಸಭಿಕರೇ, ಕೆರೆ ನಮಗೆ ಶಂಕ್ರಮ್ಮನನ್ನು ಕೊಟ್ಟಿತು.

ಅತಿಥಿಗಳಿಗಾಗಿ ಹೇಳುತ್ತೇನೆ. ಕೆರೆಯ ಆಚೆ ದಂಡೆಯ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಶಂಕ್ರಮ್ಮ ಅವರಲ್ಲೊಬ್ಬರು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬಂದು ನಮ್ಮ ಗೇಟಿನೊಳಗೆ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಮಾರುತ್ತಿದ್ದರು. ನಾವು ಲಿಫ್ಟಿನಲ್ಲಿ ತೆಲುಗು, ಜಿಮ್ಮಿನಲ್ಲಿ ಹಿಂದಿ ಮಾತಾಡುವ ಜನ. ಆ ಗೇಟಿನ ಬಳಿ ಬಂದಾಗ ಮಾತ್ರ ಜಗಳವಾಡಲೂ ಕನ್ನಡ ಬರುತ್ತಿತ್ತು. ಮೆತ್ತನೆಯ ರೊಟ್ಟಿ ಉಳಿಸಲಿಲ್ಲವೆಂದು ಅಮ್ಮ ಸಿಟ್ಟಾದರೆ ಶಂಕ್ರಮ್ಮ ತಲೆ ಎತ್ತದೆ ಹೇಳುವರು: "ನೀವು ಏಳೂದ ಎಂಟಕ್ಕ ಅಕ್ಕಾರ. ಮೆತ್ತಂದು ಅಲ್ಲೀತನಕ ನಿಮ್ಮ ಹಾದಿ ಕಾಯಂಗಿಲ್ರಿ."

ಆಮೇಲೆ ಬಂತು ಎಮ್ಮೆ ಪ್ರಕರಣ. ಹೋದ ತಿಂಗಳು ಎಮ್ಮೆಯೊಂದು ಆ ಗೇಟಿನಿಂದ ಒಳಬಂದು ಮಕ್ಕಳ ಈಜುಕೊಳದಲ್ಲಿ ಇಳಿದು ಮಲಗಿತು. ನಾನು ಎಮ್ಮೆಯನ್ನು ದೂಷಿಸಲಾರೆ. ಕೆರೆಗಿಂತ ಅಲ್ಲಿಯ ನೀರು ಚೊಕ್ಕಟವಾಗಿತ್ತು. ಸದಸ್ಯತ್ವವಿಲ್ಲದೆ ಇಳಿದದ್ದು ತಪ್ಪು, ಒಪ್ಪುತ್ತೇನೆ. ಸೆಕ್ಯುರಿಟಿಯವರು ಸೀಟಿ ಊದಿದರು. ಅಧ್ಯಕ್ಷರು ಅದಕ್ಕೆ ತೆಲುಗಿನಲ್ಲೂ ಹಿಂದಿಯಲ್ಲೂ ಎಚ್ಚರಿಕೆ ಕೊಟ್ಟರು. ಕೊನೆಗೆ ಅದನ್ನು ಹೊರಗೆ ಕರೆದವರು ಯಾರು? ಶಂಕ್ರಮ್ಮ. ರೊಟ್ಟಿಯೊಂದನ್ನು ತೋರಿಸುತ್ತ ಹಿಂದಕ್ಕೆ ಹೆಜ್ಜೆ ಇಟ್ಟರು, ಎಮ್ಮೆ ಎದ್ದು ಹಿಂಬಾಲಿಸಿತು. ಮರುದಿನ ಗೇಟಿಗೆ ಬೀಗ ಬಿತ್ತು.

ಯಾಕೆಂದು ಅಧ್ಯಕ್ಷರನ್ನು ಕೇಳಿದೆ. "ನೋಡಮ್ಮಾ, ರಕ್ಷಣಾ ಕಾರ್ಖಾನೆಯಲ್ಲಿ ಗೇಟ್ ಪಾಸ್ ಇಲ್ಲದ ಬೆಕ್ಕನ್ನೂ ಒಳಗೆ ಬಿಟ್ಟವನಲ್ಲ ನಾನು. ಇವತ್ತು ಎಮ್ಮೆ, ನಾಳೆ ಇನ್ಯಾರೋ" ಎಂದರು. ಈಜಿದ್ದು ಎಮ್ಮೆ, ಶಿಕ್ಷೆ ಶಂಕ್ರಮ್ಮನಿಗೆ. ಇದು ಯಾವ ನ್ಯಾಯ?

ಬೀಗ ಬಿದ್ದ ಮೇಲೂ ಶಂಕ್ರಮ್ಮ ಬಂದರು, ಗೇಟಿನ ಹೊರಗೆ ಕೂತರು. ರೊಟ್ಟಿಯನ್ನು ನೆಟ್ಟಗೆ ಹಿಡಿದರೆ ಸರಳುಗಳ ನಡುವೆ ತೂರುತ್ತದೆ. ಪಲ್ಯದ ಡಬ್ಬಿ ತೂರುವುದಿಲ್ಲ. ಅಂಗೈಯಲ್ಲಿ ಪಲ್ಯ ಹಾಕಿಸಿಕೊಂಡು ಲಿಫ್ಟಿಗೆ ಓಡಿದವರು ಈ ಸಭೆಯಲ್ಲಿದ್ದಾರೆ. ಗೋಡೆಯ ಠರಾವಿಗೆ ಕೈ ಎತ್ತಿದ ಸದಸ್ಯೆಯೊಬ್ಬರು ಸರಳಿನೊಳಗಿಂದ ಬದನೆಕಾಯಿಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಹೇಳುವುದಿಲ್ಲ. ಅಮ್ಮಾ, ತಲೆ ಎತ್ತು, ಯಾರೂ ನಿನ್ನ ಕಡೆ ನೋಡುತ್ತಿಲ್ಲ.

ಆದರೆ ಎಷ್ಟು ಜನ ಹೀಗೆ ಕಷ್ಟಪಟ್ಟಾರು? ಕೊಳ್ಳುವವರು ಕಡಿಮೆಯಾದರು. ಗೋಡೆ ಎದ್ದರೆ ರೊಟ್ಟಿಯೂ ತೂರದು. ಆಗ ಶಂಕ್ರಮ್ಮ ಮತ್ತೆ ಕಾಂಕ್ರೀಟ್ ಪುಟ್ಟಿ ಹೊರಬೇಕು. ಆ ಕೆಲಸ ಬಿಟ್ಟದ್ದೇ ಮೊಣಕಾಲು ಕೈಕೊಟ್ಟದ್ದಕ್ಕೆ.

ನಾನು ಸುಮ್ಮನೆ ಕೂರಲಿಲ್ಲ. 'ಕೆರೆ ಯಾರದು, ಗೇಟು ಯಾರದು' ಎಂದು ಕರಪತ್ರ ಬರೆದು ಜೆರಾಕ್ಸ್ ಮಾಡಿಸಿ ನಿಮ್ಮೆಲ್ಲರ ಬಾಗಿಲಿಗೆ ಸಿಕ್ಕಿಸಿದೆ. ಒಬ್ಬರೂ ಮಾತೆತ್ತಲಿಲ್ಲ. ಉಳಿದ ಕಟ್ಟನ್ನು ಶಂಕ್ರಮ್ಮನಿಗೆ ಕೊಟ್ಟೆ. ಮರುದಿನ ಚಟ್ನಿ ಅದರಲ್ಲೇ ಕಟ್ಟಿ ಬಂತು. "ನಿನ್ನ ಹಾಳಿ ಭಾಳ ಚಲೋ ಐತಿ ತಂಗಿ, ಎಣ್ಣಿ ಸೋರಂಗಿಲ್ಲ. ಇನ್ನಷ್ಟು ಬರಿ" ಎಂದರು. ಅವತ್ತು ಸರಳಿಗೆ ಬೆನ್ನು ಕೊಟ್ಟು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಈ ಊರಿಗೆ ಬಂದ ಮೇಲೆ ನನಗೆ ಇನ್ನಷ್ಟು ಬರಿ ಎಂದವರು ಅವರೊಬ್ಬರೇ. ಇರಲಿ, ಇದು ವಿಷಯವಲ್ಲ.

ಹಿಂದಿನ ಸಾಲಿನವರು ಊಟ ಎಲ್ಲಿ ಎಂದು ಸನ್ನೆ ಮಾಡುತ್ತಿದ್ದೀರಿ. ಅಲ್ಲಿಗೇ ಬರುತ್ತಿದ್ದೇನೆ. ಇವತ್ತಿನ ಅಡುಗೆಯನ್ನು ಊಟದ ಸಮಿತಿಯ ನನ್ನ ತಾಯಿ ಯಾರಿಗೆ ಒಪ್ಪಿಸಿದ್ದಾರೆ? ಶಂಕ್ರಮ್ಮನಿಗೆ. ಶಂಕ್ರಮ್ಮ ಬುಟ್ಟಿ, ಪಾತ್ರೆಗಳ ಸಮೇತ ಈಗ ಎಲ್ಲಿದ್ದಾರೆ? ಕೆರೆ ಗೇಟಿನ ಆಚೆ. ಸುತ್ತು ಹಾಕಿ ಮುಖ್ಯ ಗೇಟಿಗೆ ಬನ್ನಿ ಎಂದು ವೇದಿಕೆ ಹತ್ತುವ ಮೊದಲು ಫೋನಿನಲ್ಲಿ ಕೇಳಿಕೊಂಡೆ. "ಉಣ್ಣೋರು ನೀವು, ಸುತ್ತು ಹಾಕಾಕಿ ನಾನಾ? ಗೇಟ್ ತೆಗಸು. ಇಲ್ಲಂದ್ರ ಎಮ್ಮಿಗಿ ಹಾಕಿ ಹೊಂಟೆ" ಎಂದು ಫೋನ್ ಇಟ್ಟರು. ಸಭಿಕರೇ, ಇದು ಬೆದರಿಕೆಯಲ್ಲ. ಇದು ಪರಿಸ್ಥಿತಿ.

ಅಧ್ಯಕ್ಷರೇ, ಬೀಗದ ಕೈ ನಿಮ್ಮ ಜೇಬಿನಲ್ಲಿದೆ. ಇದೊಂದು ಸಲ ತೆಗೆದು ಮತ್ತೆ ಹಾಕೋಣ ಎಂದು ಸನ್ನೆ ಮಾಡುತ್ತಿದ್ದೀರಿ. ಒಪ್ಪಲಾರೆ. ವಂದನಾರ್ಪಣೆ ಮುಗಿಯದೆ ಸಭೆ ಮುಗಿಯದು, ಪಾದಚಾರಿಗಳ ಹಕ್ಕಿನ ಬಗ್ಗೆ ನಾನಿನ್ನೂ ಬಾಯಿ ತೆರೆದಿಲ್ಲ. ಗೋಡೆ ಬೇಡ. ಬೆಳಗಿನಿಂದ ಸಂಜೆಯವರೆಗೆ ಗೇಟು ತೆರೆದಿರಲಿ. ಎಮ್ಮೆಯನ್ನು ನೋಡಿಕೊಳ್ಳಲು ಅಲ್ಲಿ ಒಬ್ಬ ವಾಚ್‌ಮನ್ ಕೂರಲಿ. ಒಪ್ಪುವವರು ಕೈ ಎತ್ತಿ.

ಎರಡೂ ಕೈ ಎತ್ತಿದವರು ದಯವಿಟ್ಟು ಒಂದನ್ನು ಇಳಿಸಿ, ಇದು ಪ್ರಜಾಪ್ರಭುತ್ವ. ಅಮ್ಮನೂ ಎತ್ತಿದ್ದಾರೆ. ಹಂಪಯ್ಯನವರು ಎಚ್ಚರವಾಗಿ ಎತ್ತಿದ್ದಾರೆ. ಅವರಿಗೆ ಇಲ್ಲಿ ಮತವಿಲ್ಲ, ಆದರೂ ಲೆಕ್ಕಕ್ಕೆ ಹಿಡಿಯುತ್ತೇನೆ. ಅಧ್ಯಕ್ಷರೇ? ಏನಂದಿರಿ ಸರ್? "ತೆರೆದೇ ಇರಲಿ ಬಿಡಮ್ಮಾ, ಮೊದಲು ಊಟ ಬರಲಿ" ಎನ್ನುತ್ತಿದ್ದಾರೆ. ಎಲ್ಲರೂ ಕೇಳಿದ್ದೀರಿ. ಠರಾವು ಪಾಸಾಯಿತು.

ಈಗ ವಂದನೆಗಳು. ಅಧ್ಯಕ್ಷರಿಗೆ ವಂದನೆ. ಬೀಗದ ಕೈ ಹಿಡಿದು ಅವರೇ ಮುಂದೆ ಹೊರಟಿದ್ದಾರೆ. ಅವರ ಹಿಂದೆಯೇ ನಡೆದ ಮುಖ್ಯ ಅತಿಥಿಗಳಿಗೆ ವಂದನೆ. ಮೊದಲ ಮೂರು ಸಾಲಿನವರಿಗೆ... ಅವರೂ ಹೋದರು. ಮೈಕಿನ ಆನಂದಕುಮಾರರೇ, ನೀವಾದರೂ ನಿಲ್ಲಿ, ನಿಮ್ಮ ಹೆಸರು ಇನ್ನೂ ಬಂದಿಲ್ಲ. ಸರಿ, ಹೋಗಿ. ಉಳಿದ ಕುರ್ಚಿಗಳಿಗೆಲ್ಲ ಬಳಗದ ಪರವಾಗಿ ಹೃತ್ಪೂರ್ವಕ ವಂದನೆ. ನನಗೂ ಬಹಳ ಹಸಿವಾಗಿದೆ, ಎಣ್ಣೆಗಾಯಿ ಮುಗಿಯುವ ಮೊದಲು ಓಡಬೇಕು.

ನಮಸ್ಕಾರ.